ಬೆನ್ನು ನೆಟ್ಟಗೆ, ಸವಾರಿ ಮೆತ್ತಗೆ

ದಿನವೂ ಓಡಿಸಲು ಸೈಕಲ್ ಬೇಕೇ? ಗೇರೆಷ್ಟು, ತೂಕವೆಷ್ಟು ಎಂಬ ಲೆಕ್ಕ ಆಮೇಲೆ. ಮೈಗೆ ಒಗ್ಗುವ ಅಳತೆ, ಎತ್ತರದ ಹ್ಯಾಂಡಲ್, ಅಗಲದ ಟೈರು, ಊರಿನ ಶಾಪಿನಲ್ಲೇ ರಿಪೇರಿಯಾಗುವ ಉಕ್ಕಿನ ಫ್ರೇಮು. ಇಷ್ಟಿದ್ದರೆ ಸೈಕಲ್ ಮೂಲೆ ಸೇರುವುದಿಲ್ಲ!

ಬೆಳಗಿನ ಜಾವ ಮೈಸೂರಿನ ದೇವರಾಜ ಮಾರುಕಟ್ಟೆಯ ಬದಿಯಲ್ಲಿ ಸೈಕಲ್ಲಿಗೆ ಹೊರೆ ಕಟ್ಟುವುದನ್ನು ನೋಡಬೇಕು. ಕ್ಯಾರಿಯರ್ ಮೇಲೆ ಸೇವಂತಿಗೆ ಮೂಟೆ, ಅದರ ಮೇಲೊಂದು ವೀಳ್ಯದೆಲೆಯ ಪೆಂಡಿ, ಹ್ಯಾಂಡಲ್ಲಿನ ಎರಡೂ ಕಡೆ ಕೈಚೀಲ. ಹಳೇ ಟ್ಯೂಬು ಸೀಳಿ ಮಾಡಿದ ರಬ್ಬರ್ ಪಟ್ಟಿಯಿಂದ ಎಲ್ಲವನ್ನೂ ಬಿಗಿದು, ಒಮ್ಮೆ ಅಲ್ಲಾಡಿಸಿ ನೋಡಿ, ಸ್ಟ್ಯಾಂಡ್ ಎತ್ತುತ್ತಾರೆ. ನಾಲ್ಕು ಹೆಜ್ಜೆ ತಳ್ಳಿಕೊಂಡು ಓಡಿ, ಎಡಗಾಲು ಪೆಡಲಿಗೆ ಕೊಟ್ಟು, ಬಲಗಾಲನ್ನು ಬಾರಿನ ಮೇಲಿಂದ ದಾಟಿಸಿದರೆ ಮುಗಿಯಿತು. ಬೆನ್ನು ನೆಟ್ಟಗೆ, ಮೊಣಕೈ ಸಡಿಲ, ಕಣ್ಣು ರಸ್ತೆಯ ಉದ್ದಕ್ಕೂ.

ಅದೇ ಊರಿನ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಗೆ ಇಳಿಯಿರಿ. ಕಂಬಕ್ಕೊರಗಿ ನಿಂತ ಸೈಕಲ್ಲುಗಳ ಸಾಲು. ಇಪ್ಪತ್ತೊಂದು ಗೇರು, ಮುಂದೆ ಸ್ಪ್ರಿಂಗ್ ಫೋರ್ಕ್, ದಪ್ಪ ಹಲ್ಲಿನ ಟೈರು. ಗಾಳಿ ಇಳಿದಿದೆ, ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು.

ಒಂದು ಸೈಕಲ್ ಬಿಡುವಿಲ್ಲದೆ ಓಡುತ್ತದೆ, ಇನ್ನೊಂದು ಕೊಂಡ ವರ್ಷವೇ ನಿಂತುಬಿಡುತ್ತದೆ. ಹೊಟ್ಟೆಪಾಡಿನವರಿಗೆ ಸೈಕಲ್ ಬಿಟ್ಟರೆ ಗತಿಯಿಲ್ಲ, ಅದು ನಿಜ. ಆದರೆ ನೆಲಮಾಳಿಗೆಯವರನ್ನು ಸೋಮಾರಿಗಳೆಂದು ಬೈಯುವುದು ಅನ್ಯಾಯ. ಹುಮ್ಮಸ್ಸಿನಿಂದಲೇ ದುಡ್ಡು ಕೊಟ್ಟವರು ಅವರು. ಸೈಕಲ್ಲಿನ ಆಕಾರವೇ ಅವರನ್ನು ಕೆಳಗಿಳಿಸಿದೆ. ಅಂಗೈ ಜೋಮು ಹಿಡಿಯುತ್ತದೆ, ಕತ್ತು ನೋಯುತ್ತದೆ. ಮಡ್‌ಗಾರ್ಡ್ ಇಲ್ಲದ್ದರಿಂದ ಮಳೆಯಲ್ಲಿ ಬೆನ್ನ ತುಂಬ ಕೆಸರಿನ ಗೆರೆ. ಒಂದು ಕಟ್ಟು ಸೊಪ್ಪು ಇಡಲೂ ಜಾಗವಿಲ್ಲ.

ಜೂನ್ 3 ವಿಶ್ವ ಬೈಸಿಕಲ್ ದಿನ. ವಿಶ್ವಸಂಸ್ಥೆ ಇದನ್ನು ಘೋಷಿಸಿದ್ದು 2018ರಲ್ಲಿ. ಆ ದಿನ ಟೀ ಶರ್ಟು ತೊಟ್ಟು ಜಾಥಾ ಹೊರಡುವವರು ಬೇಕಾದಷ್ಟು ಮಂದಿ. ಮರುದಿನ ಹಾಲು ತರಲು, ಆಫೀಸಿಗೆ ಹೋಗಲು, ಮಗುವನ್ನು ಶಾಲೆಗೆ ಬಿಡಲು ಸೈಕಲ್ ಹತ್ತುವವರಿಗಾಗಿ ಈ ಬರಹ.

ಕರಿ ಸೈಕಲ್ಲಿನ ಜಾತಕ

ನಮ್ಮ ಅಪ್ಪ, ಅಜ್ಜಂದಿರು ತುಳಿದ ಕರಿ ಸೈಕಲ್ಲಿನ ಮೂಲ ಇಂಗ್ಲೆಂಡಿನಲ್ಲಿದೆ. ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿದ್ದು, ಹಿಂದಿನ ಚಕ್ರ ಚೈನಿನಿಂದ ತಿರುಗುವ ಸೈಕಲ್ಲನ್ನು ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಮಾರುಕಟ್ಟೆಗೆ ತಂದ. ಮೂರೇ ವರ್ಷಕ್ಕೆ, ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಈ ಎರಡರ ಮೇಲೆ ಬೆಳೆದ ಇಂಗ್ಲಿಷ್ ರೋಡ್‌ಸ್ಟರ್ ಹಾಳು ರಸ್ತೆಯಲ್ಲಿ ದಿನವೂ ದುಡಿಯಲೆಂದೇ ರೂಪುಗೊಂಡದ್ದು.

ಅದರ ಗುಟ್ಟು ಇಳಿಜಾರಿನಲ್ಲಿದೆ. ಓಟದ ಸೈಕಲ್ಲಿನಲ್ಲಿ ಸೀಟಿನ ಪೈಪು ನೆಲಕ್ಕೆ ಸುಮಾರು 73 ಡಿಗ್ರಿ ಕೋನದಲ್ಲಿ ನಿಂತಿರುತ್ತದೆ. ರೋಡ್‌ಸ್ಟರಿನಲ್ಲಿ ಅದು 67ರ ಆಸುಪಾಸಿಗೆ ಹಿಂದಕ್ಕೆ ವಾಲಿರುತ್ತದೆ. ಆದ್ದರಿಂದ ಸವಾರ ಪೆಡಲಿನ ಹಿಂದೆ ಕೂರುತ್ತಾನೆ. ಮೈಭಾರ ಅಂಗೈಗೆ ಹೋಗದೆ ಸೀಟಿಗೇ ಇಳಿಯುತ್ತದೆ. ಮುಂದಿನ ಫೋರ್ಕು ಬಾಗಿಕೊಂಡು ಮುಂಚಾಚಿರುವುದರಿಂದ ಗುಂಡಿಯ ಪೆಟ್ಟನ್ನು ಸ್ವಲ್ಪ ತಾನೇ ನುಂಗುತ್ತದೆ. ಚಕ್ರಗಳ ನಡುವಿನ ಅಂತರ ಹೆಚ್ಚು. ಹೊರೆ ಹೇರಿದರೂ ಸೈಕಲ್ ಅಳ್ಳಾಡದು, ಹಿಮ್ಮಡಿ ಕ್ಯಾರಿಯರಿನ ಚೀಲಕ್ಕೆ ತಾಗದು.

ಸ್ವಾತಂತ್ರ್ಯದ ಆಚೀಚೆ ಈ ಆಕಾರ ಇಲ್ಲಿಯದೇ ಆಯಿತು. ಮದರಾಸಿನಲ್ಲಿ ಹರ್ಕ್ಯುಲಿಸ್, ಸೋನಿಪತ್‌ನಲ್ಲಿ ಅಟ್ಲಾಸ್, ಆಸನ್ಸೋಲ್‌ನಲ್ಲಿ ಸೆನ್–ರ್‍ಯಾಲಿ, ಲೂಧಿಯಾನದಲ್ಲಿ ಹೀರೋ. ಮದುವೆಯಲ್ಲಿ ವರನಿಗೆ ವಾಚು, ರೇಡಿಯೊ ಜತೆ ಸೈಕಲ್ ಕೊಡಬೇಕಿದ್ದ ಕಾಲ ಅದು. ಬಾಡಿಗೆ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದು ಕಲಿತವರು ಇವತ್ತಿಗೂ ಊರೂರಲ್ಲಿ ಇದ್ದಾರೆ.

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜತೆಗೇ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಅಲ್ಲಿ ಎಷ್ಟೋ ಮಂದಿ ಗಂಡಸರ ಸೈಕಲ್ಲನ್ನೇ ಮೆಚ್ಚಿದರು. ಮೇಲಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಿತ್ತಲ್ಲ!

ಕರ್ನಾಟಕದಲ್ಲಿ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು. ದೂರದ ಹೈಸ್ಕೂಲಿಗೆ ನಡೆಯಬೇಕಿದ್ದ ಹಳ್ಳಿಯ ಹುಡುಗಿಯರಿಗೆ ಅದು ಕೊಟ್ಟ ಧೈರ್ಯ ದೊಡ್ಡದು. ಆ ಸೈಕಲ್ಲುಗಳಲ್ಲಿ ಹಲವು ಇನ್ನೂ ಹಿತ್ತಲಲ್ಲಿ ಒರಗಿವೆ. ಟೈರು, ಟ್ಯೂಬು, ಬ್ರೇಕ್ ರಬ್ಬರು ಬದಲಾಯಿಸಿದರೆ ಮತ್ತೆ ರಸ್ತೆಗಿಳಿಯುತ್ತವೆ.

‖ ಬಾಕ್ಸ್: ಇಸವಿಗಳಲ್ಲಿ ಸೈಕಲ್ ‖
1897: ತುದಿಗಳಲ್ಲಿ ದಪ್ಪ, ನಡುವೆ ತೆಳು ಇರುವ ಉಕ್ಕಿನ ಕೊಳವೆಗೆ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಸಂಸ್ಥೆಯ ಪೇಟೆಂಟ್. ಹಗುರ ಉಕ್ಕಿನ ಸೈಕಲ್ಲಿಗೆ ಇದೇ ಬುನಾದಿ.
1935: ಅದೇ ಸಂಸ್ಥೆಯ ಹೆಸರಾಂತ ‘531’ ಉಕ್ಕು ಬಂತು.
1949: ಮದರಾಸಿನಲ್ಲಿ ಟಿಐ ಸೈಕಲ್ಸ್ ಆರಂಭ.
1951: ಸೋನಿಪತ್‌ನಲ್ಲಿ ಅಟ್ಲಾಸ್.
1956: ಲೂಧಿಯಾನದಲ್ಲಿ ಹೀರೋ ಸೈಕಲ್ಸ್. 1986ರಲ್ಲಿ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕ ಸಂಸ್ಥೆಯೆಂದು ಗಿನ್ನೆಸ್ ದಾಖಲೆ.
2017: ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ವ್ಯವಸ್ಥೆ.
2020: ಜೂನ್ 3ರಂದೇ, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು.

ಉಕ್ಕು ಬಾಗುತ್ತದೆ, ಸುದ್ದಿ ಕೊಡುತ್ತದೆ

ಉಕ್ಕು ಭಾರ, ಅಲ್ಯೂಮಿನಿಯಂ ಹಗುರ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಅದೇ ಗಾತ್ರದ ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಭಾರ. ಆದರೆ ಬಾಗದೆ ನಿಲ್ಲುವ ಬಿಗಿಯಲ್ಲೂ ಮೂರು ಪಟ್ಟು ಮುಂದು. ಅದಕ್ಕೇ ಉಕ್ಕಿನ ಕೊಳವೆ ಸಣ್ಣಗಿದ್ದರೂ ಸಾಕು, ಅಲ್ಯೂಮಿನಿಯಂ ಕೊಳವೆ ಡೊಳ್ಳಾಗಿರಬೇಕು.

ದಿನಬಳಕೆಗೆ ಮುಖ್ಯವಾದ ಗುಣ ಬೇರೆಯದು. ಒಂದು ಮಿತಿಯೊಳಗಿನ ಪೆಟ್ಟನ್ನು ಉಕ್ಕು ಎಷ್ಟು ಸಲ ಬೇಕಾದರೂ ತಿಂದು ಸುಮ್ಮನಿರುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಸಣ್ಣ ಸಣ್ಣ ಪೆಟ್ಟುಗಳೂ ಒಳಗೊಳಗೇ ಲೆಕ್ಕಕ್ಕೆ ಸೇರುತ್ತ ಹೋಗುತ್ತವೆ. ಉಕ್ಕು ಸೋಲುವಾಗಲೂ ಸಾಮಾನ್ಯವಾಗಿ ಮೊದಲು ಬಾಗುತ್ತದೆ ಅಥವಾ ಸಣ್ಣಗೆ ಬಿರುಕು ತೋರಿಸುತ್ತದೆ. ಸವಾರನಿಗೆ ಎಚ್ಚರವಾಗಲು ಸಮಯ ಸಿಗುತ್ತದೆ. ಬಿಟ್ಟ ಜಾಯಿಂಟನ್ನು ಗ್ಯಾಸ್ ವೆಲ್ಡಿಂಗಿನವರು ಹಿತ್ತಾಳೆ ಕಡ್ಡಿ ಕರಗಿಸಿ ಕೂಡಿಸುತ್ತಾರೆ. ಈ ಕೆಲಸ ತಾಲ್ಲೂಕು ಕೇಂದ್ರದಲ್ಲೂ ನಡೆಯುತ್ತದೆ.

ಉಕ್ಕಾದ ಮಾತ್ರಕ್ಕೆ ಸವಾರಿ ಮೆತ್ತಗಾಗುತ್ತದೆ ಎಂಬುದನ್ನು ಮಾತ್ರ ನಂಬಬೇಡಿ. ಹಿತ ಬರುವುದು ಮೊದಲು ಟೈರಿನಿಂದ, ಆಮೇಲೆ ಸೀಟು ಮತ್ತು ಕೂರುವ ಭಂಗಿಯಿಂದ, ಕೊನೆಗೆ ಫ್ರೇಮಿನಿಂದ. ಉಕ್ಕಿನ ಫ್ರೇಮನ್ನು ನಾನು ಮೆಚ್ಚುವುದು ಅದರ ಬಾಳಿಕೆಗೆ, ರಿಪೇರಿಯ ಸುಲಭಕ್ಕೆ.

ಕ್ಯಾಲಿಫೋರ್ನಿಯಾದ ವಾಲ್‌ನಟ್ ಕ್ರೀಕ್‌ನಲ್ಲಿ ಗ್ರಾಂಟ್ ಪೀಟರ್ಸನ್ ಎಂಬಾತ 1994ರಲ್ಲಿ ರಿವೆಂಡೆಲ್ ಎಂಬ ಸಣ್ಣ ಸೈಕಲ್ ಸಂಸ್ಥೆ ಕಟ್ಟಿದ. ಓಟಗಾರರ ಸೈಕಲ್ಲನ್ನು ಜನಸಾಮಾನ್ಯರಿಗೆ ಮಾರುವುದೇ ತಪ್ಪು ಎಂಬುದು ಆತನ ವಾದ. ಉಕ್ಕಿನ ಫ್ರೇಮು, ಎತ್ತರದ ಹ್ಯಾಂಡಲ್, ಅಗಲದ ಟೈರು, ಮಡ್‌ಗಾರ್ಡು, ಚೀಲಕ್ಕೆ ಜಾಗ – ಆತ ಹಟ ಹಿಡಿದು ಉಳಿಸಿಕೊಂಡದ್ದು ಇವನ್ನೇ. ಅಲ್ಲಿ ಅವು ದುಬಾರಿ. ನಮ್ಮ ಊರಿನ ಸೈಕಲ್ ಅಂಗಡಿಯ ಹಿಂದಿನ ಸಾಲಿನಲ್ಲಿ ಇದೇ ಗುಣಗಳ ಸಾದಾ ಸೈಕಲ್ ಇವತ್ತಿಗೂ ಹತ್ತು ಸಾವಿರ ರೂಪಾಯಿಯೊಳಗೆ ಸಿಗುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು?

ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದೇ ದುಡ್ಡು ಕೊಡುತ್ತೇವೆ. ಸೈಕಲ್ಲಿನ ವಿಷಯದಲ್ಲಿ ಬಣ್ಣ ನೋಡಿ ಮನೆಗೆ ತರುತ್ತೇವೆ. ಮೊದಲು ಬಾರಿನ ಎರಡೂ ಕಡೆ ಕಾಲು ಹಾಕಿ ನೆಲದ ಮೇಲೆ ನಿಲ್ಲಿ. ಬಾರಿಗೂ ಮೈಗೂ ನಡುವೆ ಎರಡು ಮೂರು ಬೆರಳಿನಷ್ಟಾದರೂ ಜಾಗ ಇರಲೇಬೇಕು. ಕರಿ ಸೈಕಲ್ಲಿನ 24 ಇಂಚಿನ ಫ್ರೇಮು ಎತ್ತರದ ಆಳುಗಳಿಗಷ್ಟೇ. 22 ಇಂಚಿನದೂ ಅನೇಕರಿಗೆ ದೊಡ್ಡದು. ಚಿಕ್ಕದು ಬೇಕೆಂದು ಕೇಳಿ, ಇಲ್ಲವಾದರೆ 26 ಇಂಚಿನ ಚಕ್ರದ್ದು ನೋಡಿ.

ಬಾರು ಕೆಳಗಿಳಿದ ‘ಲೇಡೀಸ್ ಸೈಕಲ್’ ಬಗ್ಗೆ ಒಂದು ಮಾತು. ಸೀರೆ, ಪಂಚೆ, ಲುಂಗಿ ಯಾವುದಿದ್ದರೂ ಅದನ್ನು ಹತ್ತಿ ಇಳಿಯುವುದು ಸಲೀಸು. ಮಂಡಿ ನೋವಿನವರಿಗೆ, ಅರವತ್ತು ದಾಟಿದವರಿಗೆ, ಹಿಂದೆ ಮಗುವಿನ ಸೀಟು ಕಟ್ಟಿಕೊಂಡವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಗಂಡಸರು ಅದನ್ನು ತುಳಿಯಲು ನಾಚಬೇಕಾದ ಕಾರಣ ಒಂದೂ ನನಗೆ ಕಾಣದು.

ಸ್ಪ್ರಿಂಗ್ ಫೋರ್ಕ್ ಬೇಡ. ಅಗ್ಗದ ಸೈಕಲ್ಲಿನ ಸ್ಪ್ರಿಂಗು ಭಾರ ಹೆಚ್ಚಿಸುತ್ತದೆ, ಎದ್ದು ತುಳಿದಾಗ ಕಾಲಿನ ಬಲವನ್ನು ಕುಣಿತಕ್ಕೆ ಖರ್ಚು ಮಾಡುತ್ತದೆ, ಎರಡು ಮಳೆಗಾಲ ಕಳೆದರೆ ತುಕ್ಕು ಹಿಡಿದು ಕೂತುಬಿಡುತ್ತದೆ. ಹಲ್ಲಿನ ಟೈರೂ ಬೇಡ. ಡಾಂಬರಿನ ಮೇಲೆ ಅದು ಗೊರಗುಟ್ಟುತ್ತ ಎಳೆಯುತ್ತದೆ.

ಗೇರು? ಮೈಸೂರು, ಮಂಡ್ಯ, ದಾವಣಗೆರೆಯಂಥ ಊರಿಗೆ ಒಂದೇ ಗೇರು ಸಾಕು. ಧಾರವಾಡದ ಏರಿಳಿತಕ್ಕೆ, ಮಡಿಕೇರಿಗೆ ಗೇರು ಬೇಕು. ಸಿಂಗಲ್ ಸೈಕಲ್ಲೇ ಇದ್ದರೂ ಒಂದು ಉಪಾಯವುಂಟು. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ಫ್ರೀವೀಲ್ ಇದ್ದರೆ ಪೆಡಲಿನ ಒಂದು ಸುತ್ತಿಗೆ 28 ಇಂಚಿನ ಸೈಕಲ್ ಸುಮಾರು ಐದೂವರೆ ಮೀಟರ್ ಸಾಗುತ್ತದೆ. 22 ಹಲ್ಲಿನ ಫ್ರೀವೀಲ್ ಹಾಕಿಸಿದರೆ ನಾಲ್ಕೂವರೆ ಮೀಟರ್. ಸಮತಟ್ಟಿನಲ್ಲಿ ವೇಗ ಸ್ವಲ್ಪ ತಗ್ಗೀತು, ಏರಿನಲ್ಲಿ ಇಳಿದು ತಳ್ಳುವ ಪ್ರಸಂಗ ಕಡಿಮೆಯಾಗುತ್ತದೆ. ಚೈನಿಗೆ ಕೊಂಡಿ ಸೇರಿಸಬೇಕಾಗಬಹುದು, ಅಷ್ಟೆ.

ವಿಜಯಪುರ, ಬಾಗಲಕೋಟೆ ಸೀಮೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ಓಟದಲ್ಲಿ ಹೆಸರು ಮಾಡಿದವರು. ಗಾಳಿಯನ್ನು ಸೀಳಲು ಅವರು ಬಗ್ಗಲೇಬೇಕು. ಸಂತೆಗೆ ಹೊರಟವರು ಅವರ ಸೈಕಲ್ಲನ್ನು ಅನುಕರಿಸುವ ಅಗತ್ಯವಿಲ್ಲ.

‖ ಬಾಕ್ಸ್: ಹಳೇ ಸೈಕಲ್ ಕೊಳ್ಳುವ ಮುಂಚೆ ‖
ದಾರ ಹಿಡಿಯಿರಿ: ಹಿಂದಿನ ಚಕ್ರದ ನಟ್ಟಿನ ಬಳಿಯಿಂದ ದಾರ ಎಳೆದು, ಹ್ಯಾಂಡಲ್ಲಿನ ಕೆಳಗಿನ ಪೈಪನ್ನು ಸುತ್ತಿಸಿ, ಇನ್ನೊಂದು ಬದಿಯ ನಟ್ಟಿಗೆ ತನ್ನಿ. ಸೀಟಿನ ಪೈಪಿನಿಂದ ದಾರಕ್ಕೆ ಎರಡೂ ಕಡೆ ಅಂತರ ಒಂದೇ ಇದ್ದರೆ ಫ್ರೇಮು ನೆಟ್ಟಗಿದೆ.
ಬಣ್ಣ ನೋಡಿ: ಹ್ಯಾಂಡಲ್ ಪೈಪಿಗೆ ಕೆಳಬಾರು ಸೇರುವ ಜಾಗದ ಅಡಿಯಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಆ ಸೈಕಲ್ ಎಲ್ಲೋ ಮುಂದಿನಿಂದ ಗುದ್ದಿದೆ. ಬಿಟ್ಟುಬಿಡಿ.
ಪೆಡಲ್ ಅಲ್ಲಾಡಿಸಿ: ಪೆಡಲಿನ ಕಾಲು ಪಕ್ಕಕ್ಕೆ ಆಡಿದರೆ ಬೇರಿಂಗಿನ ಕಪ್ಪು ಸಡಿಲ, ಇಲ್ಲವೇ ಕಾಟರ್ ಪಿನ್ ಸವೆದಿದೆ. ಎರಡೂ ಸಣ್ಣ ಖರ್ಚು.
ಟೈರಿನ ಬರಹ ಓದಿ: ‘28’ ಎಂದಿದ್ದರೆ ಸಾಲದು. ಕರಿ ಸೈಕಲ್ಲಿನ 28×1½ ಟೈರಿನ ಒಳವ್ಯಾಸ 635 ಮಿ.ಮೀ.; ಹೊಸ ಸೈಕಲ್ಲಿನ 700ಸಿ ಟೈರಿನದು 622. ಒಂದರದು ಇನ್ನೊಂದಕ್ಕೆ ಕೂರದು.

ಅರ್ಧ ಗಂಟೆಯ ಕೆಲಸ

ಸೈಕಲ್ ಬಂದ ದಿನವೇ ಒಂದು ಸ್ಪ್ಯಾನರ್ ಹಿಡಿದು ಕೂತುಬಿಡಿ. ಮೊದಲು ಸೀಟಿನ ಎತ್ತರ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಡಿ. ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗ ಪೆಡಲಿಗೆ ಕೊಟ್ಟರೆ ಮಂಡಿ ತಾನಾಗಿ ಸ್ವಲ್ಪ ಮಡಚುತ್ತದೆ. ಅದೇ ಸರಿಯಾದ ಎತ್ತರ.

ನಮ್ಮ ಬಹುಪಾಲು ಸವಾರರ ಸೀಟು ಇದಕ್ಕಿಂತ ಒಂದು ಗೇಣು ಕೆಳಗಿರುತ್ತದೆ. ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೂರಬೇಕೆಂಬ ಆಸೆ. ಮಂಡಿ ನೋವಿಗೆ ಸೈಕಲ್ಲನ್ನು ದೂರುವವರು ಮೊದಲು ನೋಡಬೇಕಾದ್ದು ಇದನ್ನೇ. ಟ್ರಾಫಿಕ್ಕಿನಲ್ಲಿ ಹೆದರಿಕೆಯಾದರೆ ವಾರಕ್ಕೆ ಒಂದು ಬೆರಳಿನಷ್ಟು ಏರಿಸುತ್ತ ಹೋಗಿ.

ಎರಡನೆಯದು ಹ್ಯಾಂಡಲ್. ಸೀಟಿನ ಮಟ್ಟಕ್ಕಾದರೂ ಇರಲಿ, ಒಂದೆರಡು ಇಂಚು ಮೇಲಿದ್ದರೆ ಇನ್ನೂ ಒಳ್ಳೆಯದು. ಹಳೇ ಮಾದರಿಯ ಸ್ಟೆಮ್ ಆದರೆ ಮೇಲಿನ ಬೋಲ್ಟನ್ನು ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಒಂದು ಪೆಟ್ಟು ಕೊಡಿ. ಒಳಗಿನ ಬೆಣೆ ಬಿಡುತ್ತದೆ, ಹ್ಯಾಂಡಲ್ ಮೇಲೆ ಬರುತ್ತದೆ. ಸ್ಟೆಮ್ಮಿಗೂ ಸೀಟಿನ ಕಂಬಕ್ಕೂ ಗೆರೆ ಕೊರೆದಿರುತ್ತಾರೆ. ಆ ಗೆರೆ ಹೊರಗೆ ಕಾಣುವಷ್ಟು ಎಂದೂ ಎತ್ತಬೇಡಿ. ಕಂಬಿ ಬ್ರೇಕಿನ ಸೈಕಲ್ಲಾದರೆ ಹ್ಯಾಂಡಲ್ ಎತ್ತಿದಾಗ ಬ್ರೇಕಿನ ಕಂಬಿಗಳನ್ನೂ ಹೊಂದಿಸಬೇಕು. ಅದನ್ನು ಶಾಪಿನವರಿಗೆ ಬಿಡುವುದು ಲೇಸು.

ಸೀಟಿನದು ಮೈಗೊಂದು ನ್ಯಾಯ. ನೆಟ್ಟಗೆ ಕೂರುವವರ ಭಾರವೆಲ್ಲ ಹಿಂಭಾಗದ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಅವೆರಡೂ ಕೂರುವಷ್ಟು ಅಗಲ, ಅಡಿಯಲ್ಲಿ ಸ್ಪ್ರಿಂಗು ಇದ್ದರೆ ಚೆನ್ನ. ಬೆರಳು ಒತ್ತಿದರೆ ಹೂತುಹೋಗುವ ಜೆಲ್ ಸೀಟು ಅಂಗಡಿಯಲ್ಲಿ ಹಿತ, ಐದು ಕಿಲೋಮೀಟರಿನ ಆಚೆ ಹಿಂಸೆ. ಮೂಳೆ ಕುಸಿದು, ಮೆತ್ತೆ ಬೇಡದ ಕಡೆ ಒತ್ತತೊಡಗುತ್ತದೆ. ಸೀಟಿನ ಮೂತಿ ನೆಲಕ್ಕೆ ಸಮನಾಗಿರಲಿ. ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಕೈ ನೋಯುತ್ತದೆ.

ಇನ್ನು ಗಾಳಿ. ಪಂಪು ಹೊಡೆದು ಕಲ್ಲಿನಂತೆ ಬಿಗಿ ಮಾಡಿದರೆ ಸೈಕಲ್ ಹಗುರಾಗಿ ಓಡುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಕನ್ನಡಿಯಂಥ ರಸ್ತೆಯಲ್ಲಿ ಅದು ನಿಜವಿದ್ದೀತು. ಜಲ್ಲಿ ಎದ್ದ ರಸ್ತೆಯಲ್ಲಿ ಬಿಗಿ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನು, ನಿಮ್ಮನ್ನು, ಚೀಲವನ್ನು ಎತ್ತಿ ಹಾಕುತ್ತದೆ. ಆ ಎತ್ತುವಿಕೆಗೆಲ್ಲ ಬಲ ಕೊಡುವುದು ನಿಮ್ಮ ಕಾಲು. ತುಸು ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ತಗ್ಗಿಸಿಕೊಂಡು ದಾಟುತ್ತದೆ. 28×1½ ಟೈರು ಸುಮಾರು 40 ಮಿ.ಮೀ. ಅಗಲ ಇರುವುದು ಅದಕ್ಕೇ. ಟೈರಿನ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಒತ್ತಡ ತಲುಪಲೇಬೇಕೆಂದಿಲ್ಲ. ಹಿಂದಿನ ಚಕ್ರಕ್ಕೆ ಭಾರ ಹೆಚ್ಚಾದ್ದರಿಂದ ಗಾಳಿಯೂ ಸ್ವಲ್ಪ ಹೆಚ್ಚಿರಲಿ. ಮೆತ್ತಗೆಂದು ತೀರಾ ಇಳಿಸಿದರೂ ಕಷ್ಟ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರು, ಸ್ಟ್ಯಾಂಡು, ಬೆಲ್ಲು, ಹಿಂದೆ ಕೆಂಪು ದೀಪ – ಇವು ಸೈಕಲ್ಲಿನ ಅಂಗಗಳೇ. ‘ಎಕ್ಸ್‌ಟ್ರಾ ಫಿಟ್ಟಿಂಗ್’ ಎಂದು ಪ್ರತ್ಯೇಕ ಬಿಲ್ಲು ಹಾಕುವ ಪದ್ಧತಿ ಹೋಗಬೇಕು. ಟೈರಿಗೆ ಉಜ್ಜಿ ಗುಂಯ್‌ಗುಡುತ್ತಿದ್ದ ಡೈನಮೋ ಜಾಗಕ್ಕೆ ಚಾರ್ಜಿನ ಎಲ್‌ಇಡಿ ಬಂದಿದೆ. ಹಗುರ, ಬೆಳಕೂ ಹೆಚ್ಚು.

‖ ಬಾಕ್ಸ್: ಮಳೆ ಬಂತು ‖
ಬ್ರೇಕು: ಹೊಳೆಯುವ ಕ್ರೋಮ್ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿತ ಬಹಳ ಕುಗ್ಗುತ್ತದೆ. ದೂರದಿಂದಲೇ ಮೆಲ್ಲಗೆ ಒತ್ತುತ್ತ ರಿಮ್ಮಿನ ನೀರು ಒರೆಸಿ, ಆಮೇಲೆ ಬಲವಾಗಿ ಹಿಡಿಯಿರಿ. ಅಲಾಯ್ ರಿಮ್ಮು ಈ ವಿಷಯದಲ್ಲಿ ಎಷ್ಟೋ ವಾಸಿ.
ರಸ್ತೆ: ಬಿಳಿ ಬಣ್ಣದ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ತಿರುವು ತೆಗೆದುಕೊಳ್ಳಬೇಡಿ.
ಚೈನು: ನೆನೆದ ಸೈಕಲ್ಲಿನ ಚೈನನ್ನು ಬಟ್ಟೆಯಿಂದ ಒರೆಸಿ, ಕೊಂಡಿಗೊಂದು ತೊಟ್ಟು ಎಣ್ಣೆ ಬಿಡಿ. ಮೇಲೆ ಉಳಿದದ್ದನ್ನು ಒರೆಸಿಬಿಡಿ, ಇಲ್ಲವಾದರೆ ಮಣ್ಣು ಕೂರುತ್ತದೆ.
ಒಳಗಿನ ತುಕ್ಕು: ಉಕ್ಕಿನ ಶತ್ರು ಹೊರಗಿನ ತುಕ್ಕಲ್ಲ. ಸೀಟಿನ ಕಂಬದ ಪಕ್ಕದಿಂದ ಒಳಗಿಳಿದ ನೀರು ಪೆಡಲಿನ ಬುಡದಲ್ಲಿ ನಿಲ್ಲುತ್ತದೆ. ಜೋರು ಮಳೆಯ ನಂತರ ಸೀಟಿನ ಕಂಬ ತೆಗೆದು, ಸೈಕಲ್ಲನ್ನು ತಲೆಕೆಳಗು ಮಾಡಿ ನೀರು ಬಸಿಯಿರಿ.

ಇಪ್ಪತ್ತು ನಿಮಿಷದ ಊರು

ಬೆವರದೆ, ಏದುಸಿರು ಬಿಡದೆ ತುಳಿದರೂ ಗಂಟೆಗೆ ಹದಿನೈದು ಕಿಲೋಮೀಟರ್ ವೇಗ ಸಿಗುತ್ತದೆ. ಇಪ್ಪತ್ತು ನಿಮಿಷಕ್ಕೆ ಐದು ಕಿಲೋಮೀಟರ್. ನಮ್ಮ ಜಿಲ್ಲಾಕೇಂದ್ರಗಳಲ್ಲಿ ಬಸ್‌ ನಿಲ್ದಾಣ, ಬ್ಯಾಂಕು, ಕಾಲೇಜು, ಮಾರುಕಟ್ಟೆ ಬಹಳ ಮಂದಿಗೆ ಈ ಸುತ್ತಿನೊಳಗೇ ಇರುತ್ತವೆ. ಇದಕ್ಕಾಗಿ ಪ್ರತ್ಯೇಕ ಉಡುಪು ಬೇಡ, ಬಿಗಿ ಚಡ್ಡಿ ಬೇಡ. ಆಫೀಸಿನ ಬಟ್ಟೆಯಲ್ಲೇ ಹೋಗಬಹುದು. ಚೈನ್ ಕವರು ಇರುವುದು ಪ್ಯಾಂಟಿನ ಮಡಿಕೆ ಕಾಯಲು. ತಲೆಗೆ ಹೆಲ್ಮೆಟ್ ಇರಲಿ.

ಬೆಂಗಳೂರಿನ ದೊಡ್ಡ ರಸ್ತೆಗಳ ಭಯ ನಿಜವಾದದ್ದು, ಅದನ್ನು ಅಲ್ಲಗಳೆಯಲಾಗದು. ಅಲ್ಲಿ ದಾರಿಯ ಆಯ್ಕೆಯೇ ಅರ್ಧ ರಕ್ಷಣೆ. ಬಸವನಗುಡಿ, ಜಯನಗರ, ಮಲ್ಲೇಶ್ವರದಲ್ಲಿ ಮುಖ್ಯರಸ್ತೆಗೆ ಸಮಾನಾಂತರವಾಗಿ ಸಾಗುವ ಒಳರಸ್ತೆಗಳಿವೆ, ಮರದ ನೆರಳಿದೆ. ಐದು ನಿಮಿಷ ಹೆಚ್ಚಾದರೂ ಆ ದಾರಿಯನ್ನೇ ಹಿಡಿಯಿರಿ. ಓರೆಯಲ್ಲಿ ಮುದುಡಿಕೊಂಡು ಹೋಗದೆ ನಿಂತ ಕಾರುಗಳಿಂದ ಒಂದು ಮಾರು ದೂರ ಬಿಡಿ. ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಬೆನ್ನು ನೆಟ್ಟಗಿದ್ದವರಿಗೆ ಕಾರುಗಳ ತಲೆಯಾಚೆಗೂ ರಸ್ತೆ ಕಾಣುತ್ತದೆ.

ನೆಟ್ಟಗೆ ಕೂತವರಿಗೆ ಊರೂ ಕಾಣುತ್ತದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ, ಧಾರವಾಡದ ಕೆಲಗೇರಿ ಕಡೆಯ ಇಳಿಜಾರಿನಲ್ಲಿ ಸ್ಕೂಟರಿಗೆ ಸಿಗದ ನೋಟಗಳಿವೆ. ಹಲಸು ಮಾರುವವರ ಹತ್ತಿರ ಕಾಲೂರಿ ಬೆಲೆ ಕೇಳಬಹುದು. ಪರಿಚಯದವರು ಸಿಕ್ಕರೆ ಮಾತಿಗೆ ನಿಲ್ಲಲು ಪಾರ್ಕಿಂಗ್ ಹುಡುಕಬೇಕಿಲ್ಲ.

ಈ ಸುಖ ಉಳಿಯಬೇಕಾದರೆ ಶಾಪಿನವರ ಸ್ನೇಹ ಬೇಕು. ಚಕ್ರವನ್ನು ಫೋರ್ಕಿಗೆ ಸಿಕ್ಕಿಸಿ ತಿರುಗಿಸುತ್ತ, ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸಿ ಬೆಂಡ್ ತೆಗೆಯುವ ಕೈಗಳು ಕಡಿಮೆಯಾಗುತ್ತಿವೆ. ಪಂಕ್ಚರ್ ಹಾಕಲಷ್ಟೇ ಅಲ್ಲದೆ ಓವರ್‌ಹಾಲಿಂಗಿಗೂ ಅವರ ಬಳಿ ಹೋಗಬೇಕು, ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಬೇಕು. ಮಳೆಗಾಲ ಮುಗಿದು ಆಯುಧಪೂಜೆ ಬರುವ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಎರಡೂ ಹಬ್ಬು ಬಿಚ್ಚಿಸಿ, ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆಸಿ, ಸವೆದ ಗುಂಡುಗಳನ್ನು ಬದಲಾಯಿಸಿ ಹೊಸ ಗ್ರೀಸು ತುಂಬಿಸಿ. ಹಬ್ಬದ ಹಿಂದಿನ ವಾರ ಶಾಪಿನ ಮುಂದೆ ಸಾಲು ನಿಂತಿರುತ್ತದೆ. ಹದಿನೈದು ದಿನ ಮೊದಲೇ ಸೈಕಲ್ ಬಿಟ್ಟುಬನ್ನಿ.